ಎಐಗೆ ಚಾರ್ಟ್ ತೋರಿಸುವಾಗ ಪರದೆಯಿಂದ ಏನೇನು ಹೊರಗೆ ಹೋಗುತ್ತದೆ?

ಲ್ಯಾಪ್‌ಟಾಪಿನ ಒಂದು ಬದಿಯಲ್ಲಿ ಬ್ರೋಕರ್‌ನ ಚಾರ್ಟ್, ಇನ್ನೊಂದು ಬದಿಯಲ್ಲಿ ಎಐ ಸಹಾಯಕನ ಚಾಟ್ ತೆರೆದಿಟ್ಟುಕೊಂಡು ಷೇರುಪೇಟೆಯ ದಿನ ಆರಂಭಿಸುವವರು ಬೆಂಗಳೂರಿನಲ್ಲಿ ಈಗ ಅಪರೂಪವೇನಲ್ಲ. ಜಯನಗರದ ನಿವೃತ್ತ ಬ್ಯಾಂಕ್ ಉದ್ಯೋಗಿಯಿರಲಿ, ಬೆಳ್ಳಂದೂರಿನ ಸಾಫ್ಟ್‌ವೇರ್ ಎಂಜಿನಿಯರ್ ಇರಲಿ, ಬೆಳಿಗ್ಗೆ 9.15ಕ್ಕೆ ಎನ್‌ಎಸ್‌ಇ ವಹಿವಾಟು ಶುರುವಾದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಚಾಟ್‌ಗೆ ಅಂಟಿಸಿ, ‘ನಿಫ್ಟಿಯ ಈ 15 ನಿಮಿಷದ ಚಾರ್ಟ್‌ನಲ್ಲಿ ಸಪೋರ್ಟ್ (ಬೆಲೆ ಇನ್ನೂ ಕುಸಿಯದೆ ನಿಲ್ಲುವ ಮಟ್ಟ) ಎಲ್ಲಿದೆ, ನೋಡಿ ಹೇಳು’ ಎಂದು ಕೇಳುವುದು ಸುಲಭದ ಕೆಲಸ. ಆದರೆ ಹಾಗೆ ಅಂಟಿಸಿದ ಚಿತ್ರದಲ್ಲಿ ಚಾರ್ಟ್ ಒಂದೇ ಇರುವುದಿಲ್ಲ. ಮೇಲಿನ ಮೂಲೆಯಲ್ಲಿ ಗ್ರಾಹಕ ಸಂಖ್ಯೆ, ಎಡಗಡೆ ವಾಚ್‌ಲಿಸ್ಟ್, ಕೆಳಗೆ ತೆರೆದಿರುವ ಪೊಸಿಷನ್‌ಗಳು (ಇನ್ನೂ ಮುಗಿಸದ ವಹಿವಾಟುಗಳು) ಮತ್ತು ಅವುಗಳ ಲಾಭ–ನಷ್ಟ, ಬ್ರೌಸರಿನ ಇತರ ಟ್ಯಾಬ್‌ಗಳ ಹೆಸರು, ಅದೇ ಕ್ಷಣಕ್ಕೆ ಇಣುಕಿದ ವಾಟ್ಸ್ಆ್ಯಪ್ ಸಂದೇಶ, ಇವೆಲ್ಲವೂ ಜತೆಯಲ್ಲೇ ಹೊರಟುಹೋಗುತ್ತವೆ.

ಈ ಕೆಲಸವನ್ನು ಬಳಕೆದಾರನ ಬದಲಿಗೆ ತಾನೇ ಮಾಡಿಕೊಡುವ, ಅದೂ ಖಾಸಗಿತನವನ್ನು ಕಾಯ್ದುಕೊಂಡು ಮಾಡುತ್ತೇನೆ ಎನ್ನುವ ಪುಟ್ಟ ಟೂಲ್‌ಗಳು ಇತ್ತೀಚೆಗೆ ಬರುತ್ತಿವೆ. ಎಐ ಸಹಾಯಕ ಕೇಳಿದಾಗ ಮಾತ್ರ, ಚಾರ್ಟ್ ಇರುವ ವಿಂಡೋದ ಚಿತ್ರವನ್ನಷ್ಟೇ ತೆಗೆದು ಕೊಡುವುದು ಅವುಗಳ ಕೆಲಸ. ಇವು ನಿಜಕ್ಕೂ ಏನನ್ನು ಕಾಯುತ್ತವೆ, ಏನನ್ನು ಕಾಯಲಾರವು ಎಂಬುದನ್ನು ಬಿಡಿಸಿ ನೋಡಿದರೆ ಕುತೂಹಲದ ಸಂಗತಿಯೊಂದು ಕಾಣಿಸುತ್ತದೆ. ಸಾಮಾನ್ಯವಾಗಿ ಗುಟ್ಟು ಕಾಯಬೇಕೆಂದರೆ ಒಂದಷ್ಟು ಸೌಕರ್ಯವನ್ನು ಬಿಟ್ಟುಕೊಡಬೇಕಾಗುತ್ತದೆ. ಇಲ್ಲಿ ಹಾಗಲ್ಲ. ಚಿತ್ರ ಚಿಕ್ಕದಾದಷ್ಟೂ ಸೋರುವ ಮಾಹಿತಿ ಕಡಿಮೆಯಾಗುತ್ತದೆ, ಎಐ ಓದುವ ಅಂಕಿಗಳೂ ಹೆಚ್ಚು ಸರಿಯಾಗುತ್ತವೆ.

ಮೊದಲಿಗೆ, ಚಿತ್ರವೇ ಏಕೆ ಬೇಕು? ವೆಬ್ ಪುಟದಲ್ಲಿರುವ ಬರಹವನ್ನು ತಂತ್ರಾಂಶಗಳು ನೇರವಾಗಿ ಓದಬಲ್ಲವು. ಆದರೆ ಇಂದಿನ ಟ್ರೇಡಿಂಗ್ ಚಾರ್ಟ್‌ಗಳು ಬಹುಪಾಲು ಕ್ಯಾನ್ವಾಸ್ ಎಂಬ ಭಾಗದ ಮೇಲೆ ಪಿಕ್ಸೆಲ್‌ಗಳಾಗಿ ಮೂಡುತ್ತವೆ. ಚಾರ್ಟ್‌ಗಳ ತಾಣವಾದ ಟ್ರೇಡಿಂಗ್‌ವ್ಯೂ ಮುಕ್ತವಾಗಿ ಬಿಡುಗಡೆ ಮಾಡಿರುವ ಲೈಟ್‌ವೇಟ್ ಚಾರ್ಟ್ಸ್ ಲೈಬ್ರರಿಯೂ ಇದೇ ವಿಧಾನವನ್ನು ಬಳಸುತ್ತದೆ. ಹೀಗಾಗಿ ಪುಟದ ಒಳರಚನೆಯನ್ನು ಜಾಲಾಡಿದರೆ ಗುಂಡಿಗಳ ಹೆಸರು, ಮೆನುವಿನ ಪದಗಳು ಸಿಗುತ್ತವೆಯೇ ಹೊರತು ಒಂದೇ ಒಂದು ಕ್ಯಾಂಡಲ್ (ಒಂದು ಅವಧಿಯ ಬೆಲೆಯ ಏರಿಳಿತ ತೋರಿಸುವ ಕಡ್ಡಿ) ಸಿಗುವುದಿಲ್ಲ. ಇನ್ನೊಂದು ದಾರಿ ಬ್ರೋಕರ್‌ನ ಎಪಿಐ, ಅಂದರೆ ಒಂದು ತಂತ್ರಾಂಶ ಇನ್ನೊಂದರಿಂದ ನೇರವಾಗಿ ದತ್ತಾಂಶ ಪಡೆಯುವ ಕಿಂಡಿ. ಬೆಂಗಳೂರಿನದೇ ಆದ ಬ್ರೋಕರ್ ಕಂಪನಿ ಜೆರೋಧಾ 2025ರಲ್ಲಿ ಕೈಟ್ ಎಂಸಿಪಿ ಎಂಬ ವ್ಯವಸ್ಥೆಯನ್ನು ಹೊರತಂದು, ಗ್ರಾಹಕರು ತಮ್ಮ ಖಾತೆಯನ್ನು ಎಐ ಸಹಾಯಕರ ಜತೆ ಜೋಡಿಸಿಕೊಳ್ಳಲು ಅನುವು ಮಾಡಿಕೊಟ್ಟಿತು. ಬೆಲೆಯ ಅಂಕಿಅಂಶ, ಹೋಲ್ಡಿಂಗ್ಸ್ ಇವೆಲ್ಲ ಬರಹದ ರೂಪದಲ್ಲೇ ಬರುವುದರಿಂದ ಅಂಕಿಗಳ ಮಟ್ಟಿಗೆ ಅದು ಚಿತ್ರಕ್ಕಿಂತ ನಿಖರವಾದ ಮಾರ್ಗ. ಆದರೂ ಎರಡು ಕಾರಣಕ್ಕೆ ಚಿತ್ರದ ಅಗತ್ಯ ಉಳಿಯುತ್ತದೆ. ವ್ಯಾಪಾರಿ ತನ್ನ ಕೈಯಾರೆ ಎಳೆದ ಟ್ರೆಂಡ್‌ಲೈನ್, ತನಗೆ ಬೇಕಾದಂತೆ ಹೊಂದಿಸಿಕೊಂಡ ಇಂಡಿಕೇಟರ್, ಗುರುತು ಹಾಕಿಕೊಂಡ ಫಿಬೊನಾಚಿ ಮಟ್ಟಗಳು ಎಪಿಐ ಕೊಡುವ ಬೆಲೆಪಟ್ಟಿಯಲ್ಲಿ ಇರುವುದಿಲ್ಲ. ಅವು ಪರದೆಯ ಮೇಲೆ ಮಾತ್ರ ಇರುತ್ತವೆ. ಎರಡನೆಯದಾಗಿ, ಖಾತೆಯನ್ನೇ ಜೋಡಿಸಿಕೊಡುವುದೆಂದರೆ ಎಷ್ಟೋ ಜನರಿಗೆ ಹಿಂಜರಿಕೆ, ಮತ್ತು ಆ ಹಿಂಜರಿಕೆ ನ್ಯಾಯವಾದದ್ದೇ. ಬರೀ ಒಂದು ಚಿತ್ರಕ್ಕೆ ಪಾಸ್‌ವರ್ಡ್ ಇಲ್ಲ, ಟೋಕನ್ ಇಲ್ಲ, ಅದರಿಂದ ಯಾರೂ ಆರ್ಡರ್ ಹಾಕಲಾರರು.

ಇಂಥ ಟೂಲ್‌ಗಳು ಎಐ ಸಹಾಯಕನ ಜತೆ ಮಾತಾಡುವುದು ಹೆಚ್ಚಾಗಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ ಎಂಬ ನಿಯಮಾವಳಿಯ ಮೂಲಕ. ಇದನ್ನು ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಮುಕ್ತವಾಗಿ ಪ್ರಕಟಿಸಿತು. ಬಳಿಕ ಇತರ ಕಂಪನಿಗಳೂ ಅದನ್ನು ಅಳವಡಿಸಿಕೊಂಡವು. ಸಹಾಯಕನ ತಂತ್ರಾಂಶ ಟೂಲನ್ನು ನಮ್ಮದೇ ಕಂಪ್ಯೂಟರಿನಲ್ಲಿ ಚಾಲೂ ಮಾಡುತ್ತದೆ, ‘ನಿನ್ನಿಂದ ಏನೇನು ಸಾಧ್ಯ’ ಎಂದು ಕೇಳುತ್ತದೆ, ಟೂಲ್ ತನ್ನ ಸಾಮರ್ಥ್ಯಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಬಾಬುಗಳಿರುತ್ತವೆ: ತೆರೆದಿರುವ ವಿಂಡೋಗಳ ಹೆಸರು ಕೊಡುವುದು, ಆರಿಸಿದ ವಿಂಡೋದ ಚಿತ್ರ ತೆಗೆಯುವುದು. ನಾವು ಚಾರ್ಟ್‌ನ ಬಗ್ಗೆ ಪ್ರಶ್ನೆ ಕೇಳಿದಾಗ ಸಹಾಯಕನ ಹಿಂದಿರುವ ಎಐ ಮಾದರಿಯು (ಮಾಡೆಲ್) ತನಗೆ ಚಿತ್ರ ಬೇಕೆಂದು ತೀರ್ಮಾನಿಸಿ ಕೋರಿಕೆ ಕಳಿಸುತ್ತದೆ, ಸಹಾಯಕನ ತಂತ್ರಾಂಶ ನಮ್ಮ ಒಪ್ಪಿಗೆ ಕೇಳುತ್ತದೆ, ಒಪ್ಪಿದರೆ ಟೂಲ್ ಚಿತ್ರ ತೆಗೆದು, ಸಾಗಿಸಲು ಅನುಕೂಲವಾಗುವಂತೆ ಇಡೀ ಚಿತ್ರವನ್ನು ಅಕ್ಷರಗಳ ಸಂಕೇತಕ್ಕೆ ಪರಿವರ್ತಿಸಿ ಹಿಂದಿರುಗಿಸುತ್ತದೆ.

ಮೊದಲ ಬಾಬು ನಿರುಪದ್ರವಿಯಂತೆ ಕಾಣುತ್ತದೆ. ಆದರೆ ವಿಂಡೋಗಳ ಹೆಸರಿನ ಪಟ್ಟಿಯೂ ಮಾಹಿತಿಯೇ. ಅದರಲ್ಲಿ ತೆರೆದಿರುವ ಇಮೇಲ್‌ನ ವಿಷಯ, ವೈದ್ಯಕೀಯ ವರದಿಯ ಕಡತದ ಹೆಸರು, ಆಫೀಸಿನ ಕಡತದ ಶೀರ್ಷಿಕೆ ಇರಬಹುದು. ಒಂದೂ ಚಿತ್ರ ತೆಗೆಯುವ ಮೊದಲೇ ಇವು ಬರಹವಾಗಿ ಎಐಗೆ ತಲುಪಿರುತ್ತವೆ. ಆದ್ದರಿಂದ ಜಾಗರೂಕತೆಯಿಂದ ಕಟ್ಟಿದ ಟೂಲ್ ಎಲ್ಲ ವಿಂಡೋಗಳನ್ನೂ ಪಟ್ಟಿ ಮಾಡುವುದಿಲ್ಲ, ಬಳಕೆದಾರ ಮೊದಲೇ ಅನುಮತಿಸಿದ ಒಂದೆರಡನ್ನು ಮಾತ್ರ ಹೆಸರಿಸುತ್ತದೆ. ಯಾವುದೇ ಟೂಲ್‌ನ ಗುಣವನ್ನು ಅಳೆಯಲು ನಾನು ಮೊದಲು ನೋಡುವುದು ಈ ಒಂದು ಅಂಶವನ್ನು.

ಪರದೆಯ ಚಿತ್ರ ತೆಗೆಯಲು ಆಪರೇಟಿಂಗ್ ಸಿಸ್ಟಂ ಅಡ್ಡ ನಿಲ್ಲುತ್ತದೆಯೇ ಎಂಬುದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬದಲಾಗುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಸ್ಕ್ರೀನ್ ರೆಕಾರ್ಡಿಂಗ್‌ಗೆ ಪ್ರತ್ಯೇಕ ಅನುಮತಿ ಬೇಕು. ಲಿನಕ್ಸ್‌ನ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಯಾವ ವಿಂಡೋ ತೋರಿಸಬೇಕೆಂದು ಸಿಸ್ಟಂ ನಮ್ಮನ್ನೇ ಕೇಳುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಸಾಮಾನ್ಯ ಡೆಸ್ಕ್‌ಟಾಪ್ ತಂತ್ರಾಂಶವೊಂದು ಯಾರನ್ನೂ ಕೇಳದೆ ಪರದೆಯನ್ನು ಸೆರೆಹಿಡಿಯಬಲ್ಲದು, ಹಾಗಾಗಿ ಅಲ್ಲಿ ಟೂಲ್‌ನ ಸಂಯಮವನ್ನೇ ನಂಬಬೇಕಾಗುತ್ತದೆ.

ಇನ್ನು, ‘ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ’ ಎಂಬ ಮಾತು. ಇದು ಸುಳ್ಳಲ್ಲ, ಆದರೆ ಹೊಸ್ತಿಲ ತನಕ ಮಾತ್ರ ನಿಜ. ಚಿತ್ರ ತೆಗೆಯುವುದು, ಕತ್ತರಿಸುವುದು, ಮುಚ್ಚಬೇಕಾದ್ದನ್ನು ಮುಚ್ಚುವುದು ನಮ್ಮ ಯಂತ್ರದಲ್ಲಿ ನಡೆಯಬಹುದು. ಅದನ್ನು ನೋಡಿ ಅರ್ಥಮಾಡಿಕೊಳ್ಳುವ ಮಾದರಿ ಮಾತ್ರ ಎಐ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಟೂಲ್ ತಯಾರಿಸಿದವರು ‘ನಾವು ಏನನ್ನೂ ಸಂಗ್ರಹಿಸುವುದಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಿರಬಹುದು, ಆದರೆ ಅವರ ಮಾತು ಅವರ ಕೈಯಲ್ಲಿರುವುದಕ್ಕಷ್ಟೇ ಅನ್ವಯ. ಅಲ್ಲಿಂದ ಮುಂದೆ ಚಿತ್ರ ಎಷ್ಟು ದಿನ ಉಳಿಯುತ್ತದೆ, ಮಾದರಿಯ ತರಬೇತಿಗೆ ಬಳಕೆಯಾಗುತ್ತದೆಯೇ ಎಂಬುದನ್ನು ನಿರ್ಧರಿಸುವುದು ಎಐ ಕಂಪನಿಯ ಷರತ್ತುಗಳು ಮತ್ತು ನಮ್ಮ ಖಾತೆಯ ಸೆಟ್ಟಿಂಗ್ಸ್. ಚಾಟ್‌ನ ಇತಿಹಾಸದಲ್ಲಿ ಆ ಚಿತ್ರ ಕುಳಿತೇ ಇರುತ್ತದೆ ಎಂಬುದನ್ನೂ ಮರೆಯಬಾರದು. ಚಿತ್ರ ಹೊರಗೆ ಹೋಗಲೇಬಾರದು ಎನ್ನುವವರಿಗೆ ಇರುವ ದಾರಿ ಒಂದೇ: ಒಲ್ಲಾಮಾದಂಥ ತಂತ್ರಾಂಶದ ಮೂಲಕ, ಚಿತ್ರ ನೋಡಬಲ್ಲ ಮಾದರಿಯನ್ನು ಸ್ವಂತ ಯಂತ್ರದಲ್ಲೇ ಓಡಿಸುವುದು. ಸಾಮಾನ್ಯ ಲ್ಯಾಪ್‌ಟಾಪ್ ಹೊರಬಲ್ಲ ಅಂಥ ಮಾದರಿಗಳು ಸಣ್ಣವು, ಸೂಕ್ಷ್ಮ ಅಂಕಿಗಳನ್ನು ಓದುವುದರಲ್ಲಿ ದುರ್ಬಲವಾದವು.

ಹಾಗಾದರೆ ಟೂಲ್‌ನ ನಿಜವಾದ ಕೆಲಸ ಹೊಸ್ತಿಲಿನ ಈಚೆಗಿದೆ. ಇಲ್ಲಿ ಮೊದಲ ಪ್ರಶ್ನೆ ಚಿತ್ರ ಯಾವಾಗ ತೆಗೆಯಲಾಗುತ್ತದೆ ಎಂಬುದು. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ರೀಕಾಲ್ ಎಂಬ ಸೌಲಭ್ಯ ಕೆಲವು ಸೆಕೆಂಡುಗಳಿಗೊಮ್ಮೆ ಪರದೆಯನ್ನು ತಾನಾಗಿ ಸೆರೆಹಿಡಿದು ಇಟ್ಟುಕೊಳ್ಳುವಂಥದ್ದಾಗಿತ್ತು. ಆ ಸಂಗ್ರಹ ಸಾಕಷ್ಟು ಸುರಕ್ಷಿತವಾಗಿಲ್ಲ ಎಂದು ಭದ್ರತಾ ತಜ್ಞರು ತೋರಿಸಿಕೊಟ್ಟ ಮೇಲೆ ಕಂಪನಿ ಬಿಡುಗಡೆಯನ್ನು ಮುಂದೂಡಿ ವಿನ್ಯಾಸವನ್ನು ಬದಲಿಸಬೇಕಾಯಿತು. ಚಾರ್ಟ್ ತೋರಿಸುವ ಟೂಲ್‌ಗೆ ಅಂಥ ನಿರಂತರ ನಿಗಾ ಬೇಕಿಲ್ಲ. ಕೇಳಿದಾಗ ಒಂದು ಚಿತ್ರ, ಅದೂ ಮೆಮೊರಿಯಲ್ಲಿ ಮಾತ್ರ. ಡಿಸ್ಕ್‌ಗೆ ಬರೆದರೆ, ಮುಖ್ಯವಾಗಿ ಡೆಸ್ಕ್‌ಟಾಪ್ ಅಥವಾ ಪಿಕ್ಚರ್ಸ್ ಫೋಲ್ಡರ್‌ಗೆ ಬರೆದರೆ, ಐಕ್ಲೌಡ್ ಅಥವಾ ಒನ್‌ಡ್ರೈವ್ ಅದನ್ನು ಸದ್ದಿಲ್ಲದೆ ತನ್ನ ಸರ್ವರ್‌ಗೆ ಏರಿಸಿಕೊಂಡಿರಬಹುದು.

ಎರಡನೆಯದು ಕತ್ತರಿಸುವುದು ಮತ್ತು ಮುಚ್ಚುವುದು. ಇವು ಸರಳವೆಂದು ತೋರಿದರೂ ದೊಡ್ಡ ಕಂಪನಿಗಳೇ ಇಲ್ಲಿ ಎಡವಿವೆ. 2023ರಲ್ಲಿ ಬೆಳಕಿಗೆ ಬಂದ ಎಕ್ರೊಪಲಿಪ್ಸ್ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸೌಲಭ್ಯ ಸ್ಕ್ರೀನ್‌ಶಾಟನ್ನು ಕತ್ತರಿಸಿದಾಗ ಹೊಸ ಚಿಕ್ಕ ಚಿತ್ರವನ್ನು ಹಳೆಯ ಕಡತದ ಮೇಲೆಯೇ ಬರೆಯುತ್ತಿತ್ತು, ಆದರೆ ಕಡತದ ಬಾಲವನ್ನು ಕತ್ತರಿಸುತ್ತಿರಲಿಲ್ಲ. ಪರಿಣಾಮವಾಗಿ, ತೆಗೆದುಹಾಕಿದೆವೆಂದು ಬಳಕೆದಾರರು ನಂಬಿದ್ದ ಭಾಗದ ದತ್ತಾಂಶ ಕಡತದ ಕೊನೆಯಲ್ಲಿ ಉಳಿದುಬಿಡುತ್ತಿತ್ತು, ಅದನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದಾಗಿತ್ತು. ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲಿಯೂ ಇದೇ ಬಗೆಯ ದೋಷ ಪತ್ತೆಯಾಯಿತು. ಸರಿಯಾದ ಕ್ರಮವೆಂದರೆ ಬೇಕಾದ ಪಿಕ್ಸೆಲ್‌ಗಳನ್ನು ಮಾತ್ರ ಎತ್ತಿಕೊಂಡು ಹೊಸದಾಗಿಯೇ ಪಿಎನ್‌ಜಿ ಚಿತ್ರ ಕಟ್ಟುವುದು. ಮುಚ್ಚುವಾಗಲೂ ಅಷ್ಟೆ: ಮಸುಕು ಮಾಡಿದ ಅಥವಾ ಚೌಕಳಿ ಮಾಡಿದ ಅಂಕಿಗಳನ್ನು ಊಹಿಸಿ ಮರಳಿ ಪಡೆಯುವ ವಿಧಾನಗಳಿವೆ, ಏಕೆಂದರೆ ಅಂಕಿಗಳು ಹತ್ತೇ, ಅಕ್ಷರದ ಶೈಲಿಯೂ ಗೊತ್ತಿರುವಂಥದ್ದು. ಆ ಜಾಗದ ಪಿಕ್ಸೆಲ್‌ಗಳನ್ನೇ ಅಳಿಸಿ ಗಟ್ಟಿ ಕಪ್ಪು ಬಣ್ಣ ತುಂಬಿದರೆ ಅಲ್ಲಿ ಊಹಿಸಲು ಏನೂ ಉಳಿಯುವುದಿಲ್ಲ.

ಚಾರ್ಟ್‌ನ ಭಾಗವನ್ನಷ್ಟೇ ಕತ್ತರಿಸಿಕೊಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಅನೇಕ ಚಾರ್ಟ್‌ಗಳಲ್ಲಿ ನಾವು ಖರೀದಿಸಿದ ಸರಾಸರಿ ಬೆಲೆಯ ಮಟ್ಟಕ್ಕೆ ಒಂದು ಅಡ್ಡಗೆರೆ, ಅದರ ಮೇಲೆ ಎಷ್ಟು ಪ್ರಮಾಣ, ಸದ್ಯಕ್ಕೆ ಎಷ್ಟು ಲಾಭ ಅಥವಾ ನಷ್ಟ ಎಂಬ ಚೀಟಿ ಮೂಡಿರುತ್ತದೆ; ಬಾಕಿಯಿರುವ ಸ್ಟಾಪ್‌ಲಾಸ್ (ನಷ್ಟಕ್ಕೆ ಮಿತಿ ಹಾಕುವ) ಆರ್ಡರ್‌ಗೂ ಹಾಗೆಯೇ ಒಂದು ಗೆರೆ. ಅಂಚುಗಳನ್ನೆಲ್ಲ ಕತ್ತರಿಸಿದ ಮೇಲೂ ಚಿತ್ರದ ನಟ್ಟನಡುವೆ ಖಾತೆಯ ಸ್ಥಿತಿ ಹಾಗೆಯೇ ಉಳಿದಿರುತ್ತದೆ. ಈ ಗೆರೆಗಳು ಬೆಲೆಯ ಜತೆಗೆ ಮೇಲೆ ಕೆಳಗೆ ಸರಿಯುವುದರಿಂದ ‘ಇಂಥ ಜಾಗವನ್ನು ಮುಚ್ಚು’ ಎಂದು ಟೂಲ್‌ಗೆ ಮೊದಲೇ ಹೇಳಿಡುವುದೂ ಕಷ್ಟ. ಚಾರ್ಟ್‌ನ ಸೆಟ್ಟಿಂಗ್ಸ್‌ನಲ್ಲಿ ಪೊಸಿಷನ್ ಮತ್ತು ಆರ್ಡರ್ ಗೆರೆಗಳನ್ನು ಆಫ್ ಮಾಡಿಡುವುದು, ಅಥವಾ ಎಐಗೆ ತೋರಿಸಲೆಂದೇ ಲಾಗಿನ್ ಇಲ್ಲದ ಬೇರೆ ಬ್ರೌಸರ್ ಪ್ರೊಫೈಲ್‌ನಲ್ಲಿ ಅದೇ ಚಾರ್ಟನ್ನು ತೆರೆದುಕೊಳ್ಳುವುದು ಹೆಚ್ಚು ಭದ್ರ. ಎರಡನೆಯ ಉಪಾಯದಲ್ಲಿ ಉಳಿಸಿಟ್ಟ ಗೆರೆಗಳು, ಇಂಡಿಕೇಟರ್‌ಗಳು ಸಿಗುವುದಿಲ್ಲ, ಮತ್ತೆ ಎಳೆದುಕೊಳ್ಳಬೇಕು.

ಇದೀಗ ನಿಖರತೆಯ ಮಾತು. ಎಐ ಮಾದರಿಗಳಿಗೆ ಚಿತ್ರದ ಗಾತ್ರದಲ್ಲಿ ಮಿತಿಯಿದೆ, ಮಿತಿ ಮೀರಿದ ಚಿತ್ರವನ್ನು ಮೊದಲು ಕುಗ್ಗಿಸಿ ಆಮೇಲೆ ಮಾದರಿಗೆ ಕೊಡಲಾಗುತ್ತದೆ. ಉದಾಹರಣೆಗೆ, ಆಂಥ್ರೋಪಿಕ್‌ನ ಅನೇಕ ಕ್ಲಾಡ್ ಮಾದರಿಗಳಲ್ಲಿ ಚಿತ್ರದ ಉದ್ದನೆಯ ಬದಿ 1568 ಪಿಕ್ಸೆಲ್ ದಾಟಿದರೆ ಚಿತ್ರ ಕುಗ್ಗುತ್ತದೆ. 3840 ಪಿಕ್ಸೆಲ್ ಅಗಲದ 4ಕೆ ಮಾನಿಟರ್‌ನ ಪೂರ್ತಿ ಪರದೆಯನ್ನು ಕಳಿಸಿದರೆ ಅದು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಬೆಲೆಯ ಅಕ್ಷದ ಮೇಲೆ 20 ಪಿಕ್ಸೆಲ್ ಎತ್ತರವಿದ್ದ ಅಂಕಿ ಸುಮಾರು 8 ಪಿಕ್ಸೆಲ್‌ಗೆ ಕುಗ್ಗಿ 3, 6, 8ರ ನಡುವಿನ ಭೇದವೇ ಅಳಿಸಿಹೋಗುವ ಸ್ಥಿತಿಗೆ ಬರುತ್ತದೆ. ಅದೇ ಪರದೆಯಿಂದ 1200ಕ್ಕೆ 800 ಪಿಕ್ಸೆಲ್‌ನ ಚಾರ್ಟ್ ಭಾಗವನ್ನಷ್ಟೇ ಕತ್ತರಿಸಿ ಕಳಿಸಿದರೆ ಕುಗ್ಗಿಸುವ ಪ್ರಮೇಯವೇ ಬಾರದು, 20 ಪಿಕ್ಸೆಲ್ 20 ಆಗಿಯೇ ಉಳಿಯುತ್ತದೆ. ಗ್ರಾಹಕ ಸಂಖ್ಯೆ ಚೌಕಟ್ಟಿನ ಹೊರಗೆ ಉಳಿಯುವುದೂ, 24,850 ಎಂಬ ಅಂಕಿ 24,350 ಆಗಿ ಓದಿಸಿಕೊಳ್ಳದಿರುವುದೂ ಒಂದೇ ಕತ್ತರಿಯ ಕೆಲಸ.

ಹಾಗೆಂದು ಅತಿಯಾಗಿ ಕತ್ತರಿಸಿದರೂ ಕೆಡುತ್ತದೆ. ಚಾರ್ಟ್‌ನ ತಲೆಯಲ್ಲಿರುವ ಷೇರಿನ ಹೆಸರು, ಕಾಲಾವಧಿ, ಬಲಗಡೆಯ ಬೆಲೆಯ ಅಕ್ಷ, ಕೆಳಗಿನ ಸಮಯದ ಅಕ್ಷ ಇಲ್ಲದೆ ಹೋದರೆ ಉಳಿಯುವುದು ಕೆಂಪು–ಹಸಿರು ಕಡ್ಡಿಗಳು ಮಾತ್ರ, ಅವುಗಳ ಬಗ್ಗೆ ಎಐ ಧಾರಾಳವಾಗಿ ಕಲ್ಪಿಸಿಕೊಂಡು ಮಾತಾಡುತ್ತದೆ. ಹೈಕಿನ್ ಆಶಿ ಬಗೆಯ ಕ್ಯಾಂಡಲ್‌ಗಳು ಸರಾಸರಿ ಮಾಡಿದ ಬೆಲೆಗಳು, ನಿಜವಾದ ವಹಿವಾಟಿನ ಬೆಲೆಗಳಲ್ಲ. ನೋಡಲು ಮಾತ್ರ ಸಾಮಾನ್ಯ ಕ್ಯಾಂಡಲ್‌ಗಳಂತೆಯೇ ಇರುತ್ತವೆ. ಲಾಗ್ ಮಾಪಕದ ಚಾರ್ಟ್‌ನಲ್ಲಿ ಸಮಾನ ಅಂತರವೆಂದರೆ ಸಮಾನ ರೂಪಾಯಿಯಲ್ಲ, ಸಮಾನ ಶೇಕಡಾವಾರು. ಇಂಥ ಸಂಗತಿಗಳನ್ನು ಪ್ರಶ್ನೆಯಲ್ಲೇ ಬರೆದು ತಿಳಿಸುವುದು ಲೇಸು. ಕ್ಯಾಂಡಲ್‌ನ ಎತ್ತರ ನೋಡಿ ಎಐ ಹೇಳುವ ಬೆಲೆ ಅಂದಾಜೇ ಹೊರತು ಅಳತೆಯಲ್ಲ. ಆದರೆ ಕರ್ಸರನ್ನು ಬೇಕಾದ ಕ್ಯಾಂಡಲ್ ಮೇಲೆ ಇರಿಸಿದರೆ ಹೆಚ್ಚಿನ ಚಾರ್ಟ್‌ಗಳು ಮೇಲಿನ ಸಾಲಿನಲ್ಲಿ ಅದರ ಓಪನ್, ಹೈ, ಲೋ, ಕ್ಲೋಸ್ ಬೆಲೆಗಳನ್ನು ಅಂಕಿಗಳಲ್ಲೇ ಬರೆದು ತೋರಿಸುತ್ತವೆ. ಆಗ ಚಿತ್ರ ತೆಗೆದರೆ ಎಐ ಅಂದಾಜಿಸಬೇಕಿಲ್ಲ, ಓದಿದರೆ ಸಾಕು. ಅದು ಎಷ್ಟು ಸರಿಯಾಗಿ ಓದುತ್ತಿದೆ ಎಂದು ಪರೀಕ್ಷಿಸಲೂ ಇದೇ ಸುಲಭದ ವಿಧಾನ.

ಇನ್ನೊಂದು ತೊಡಕು ಹಳಸಿದ ಚಿತ್ರದ್ದು. ವಿಂಡೋ ಮಿನಿಮೈಸ್ ಆಗಿದ್ದರೆ ಅಥವಾ ಬೇರೊಂದರ ಹಿಂದೆ ಪೂರ್ತಿ ಮರೆಯಾಗಿದ್ದರೆ ಬ್ರೌಸರ್ ವಿದ್ಯುತ್ ಉಳಿಸಲು ಅದರ ಚಿತ್ರಣವನ್ನು ನಿಧಾನಿಸುತ್ತದೆ ಅಥವಾ ನಿಲ್ಲಿಸಿಬಿಡುತ್ತದೆ. ಆಗ ಟೂಲ್‌ಗೆ ಸಿಗುವುದು ಖಾಲಿ ಚಿತ್ರ ಅಥವಾ ಕೆಲ ಕಾಲದ ಹಿಂದಿನ ಚಾರ್ಟ್. ವಹಿವಾಟಿನ ಕೊನೆಯ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಹಳೆಯ ಚಾರ್ಟನ್ನು ಈಗಿನದೆಂದು ತಿಳಿದು ಎಐ ಉತ್ತರಿಸಿದರೆ, ಆ ಉತ್ತರದಲ್ಲಿ ತಪ್ಪಿದೆ ಎಂಬ ಸುಳಿವು ಸಹ ಸಿಗುವುದಿಲ್ಲ. ಚಿತ್ರದ ಜತೆ ಅದು ತೆಗೆದ ಸಮಯವನ್ನೂ ವಿಂಡೋದ ಸ್ಥಿತಿಯನ್ನೂ ಬರಹದಲ್ಲಿ ಕಳಿಸುವ ಟೂಲ್ ಈ ದೃಷ್ಟಿಯಿಂದ ಮೇಲು.

ಚಾರ್ಟ್‌ನ ಪಕ್ಕದ ಫಲಕಗಳನ್ನು ಬಿಟ್ಟುಬಿಡಲು ಮತ್ತೊಂದು ಕಾರಣವೂ ಇದೆ. ಸುದ್ದಿ ಸಾಲು, ಇತರ ಬಳಕೆದಾರರ ಅಭಿಪ್ರಾಯಗಳು, ಚರ್ಚೆಯ ಅಂಕಣ ಇವೆಲ್ಲ ಬೇರೆಯವರು ಬರೆದ ಬರಹ. ಚಿತ್ರದೊಳಗಿನ ಬರಹವನ್ನು ಎಐ ಓದುತ್ತದೆ, ಅದು ಸೂಚನೆಯ ರೂಪದಲ್ಲಿದ್ದರೆ ಕೆಲವೊಮ್ಮೆ ಪಾಲಿಸಿಯೂ ಬಿಡುತ್ತದೆ. ಪ್ರಾಂಪ್ಟ್ ಇಂಜೆಕ್ಷನ್ ಎಂದು ಕರೆಯಲಾಗುವ ಈ ದೌರ್ಬಲ್ಯಕ್ಕೆ ಪೂರ್ತಿ ಪರಿಹಾರ ಇನ್ನೂ ಸಿಕ್ಕಿಲ್ಲ. ಬರೀ ನೋಡುವ ಅಧಿಕಾರವಷ್ಟೇ ಇರುವ ಸಹಾಯಕನಿಂದ ಹೆಚ್ಚೆಂದರೆ ತಪ್ಪು ಉತ್ತರ ಬರಬಹುದು. ಅದೇ ಸಹಾಯಕನಿಗೆ ಆರ್ಡರ್ ಹಾಕುವ ಟೂಲನ್ನೂ ಜೋಡಿಸಿಕೊಟ್ಟಿದ್ದರೆ ಪೆಟ್ಟು ಹಣಕ್ಕೇ ಬೀಳುತ್ತದೆ. ನೋಡುವುದಕ್ಕೂ ಆರ್ಡರ್ ಹಾಕುವುದಕ್ಕೂ ಒಂದೇ ಚಾಟ್‌ನಲ್ಲಿ ಅವಕಾಶ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಚಾರ್ಟ್‌ನ ಬಗ್ಗೆ ಎಐ ಹೇಳುವುದು ಸರಿಯಾಗಿದ್ದರೂ ವಹಿವಾಟು ಲಾಭ ತರುತ್ತದೆಂದೇನಿಲ್ಲ: ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು.

ಕಾನೂನಿನ ಕಡೆಗೂ ಒಂದು ನೋಟ ಹರಿಸಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಆ ಬಳಿಕ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಡುವ ದತ್ತಾಂಶದ ಬಳಕೆಯನ್ನು ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ನಮ್ಮದೇ ಪರದೆಯನ್ನು ನಾವೇ ಎಐಗೆ ತೋರಿಸಿಕೊಂಡರೆ ಆ ಕಾಯ್ದೆ ನಮ್ಮ ಮೇಲೆ ಹೊಣೆ ಹೊರಿಸುವುದಿಲ್ಲ. ಗ್ರಾಹಕರ ಖಾತೆಗಳನ್ನು ತೆರೆದಿಟ್ಟುಕೊಂಡು ಕೆಲಸ ಮಾಡುವ ಸಲಹೆಗಾರರ ಸ್ಥಿತಿ ಬೇರೆ. ಅವರ ಪರದೆಯಲ್ಲಿರುವುದು ಇನ್ನೊಬ್ಬರ ದತ್ತಾಂಶ. ನೋಂದಾಯಿತ ಹೂಡಿಕೆ ಸಲಹೆಗಾರರು ಎಐ ಬಳಸುತ್ತಿದ್ದರೆ ಅದನ್ನು ಗ್ರಾಹಕರಿಗೆ ತಿಳಿಸಬೇಕು, ಏನೇ ಆದರೂ ಹೊಣೆ ಅವರದೇ ಎಂದು ಸೆಬಿಯೂ ನಿಯಮ ಮಾಡಿದೆ.

ಇಷ್ಟಾದ ಮೇಲೂ ಟೂಲ್ ಹೇಳಿಕೊಂಡಂತೆ ನಡೆಯುತ್ತಿದೆಯೇ ಎಂದು ನೋಡುವ ಕೆಲಸ ಬಾಕಿಯಿರುತ್ತದೆ, ಅದಕ್ಕೆ ಎಂಜಿನಿಯರೇ ಆಗಬೇಕಿಲ್ಲ. ಮೂಲಸಂಕೇತ ತೆರೆದಿದ್ದರೆ ಒಳ್ಳೆಯದು, ಆದರೆ ಅದನ್ನು ಓದುವವರು ಕಡಿಮೆ. ಟೂಲ್ ಸ್ವತಃ ಇಂಟರ್‌ನೆಟ್‌ಗೆ ಸಂಪರ್ಕ ಸಾಧಿಸುತ್ತಿದೆಯೇ ಎಂಬುದನ್ನು ಪ್ರತಿ ತಂತ್ರಾಂಶದ ಸಂಪರ್ಕವನ್ನೂ ತೋರಿಸುವ ಫೈರ್‌ವಾಲ್‌ನಿಂದ ಕಂಡುಕೊಳ್ಳಬಹುದು; ಕ್ಯಾಮೆರಾದ ಕೆಲಸವಷ್ಟೇ ಮಾಡುವ ಟೂಲ್‌ಗೆ ಹೊರಗಿನ ಸರ್ವರ್ ಜತೆ ಮಾತಾಡುವ ಅಗತ್ಯವೇ ಇಲ್ಲ. ಕಳಿಸುವ ಮುನ್ನ ಚಿತ್ರವನ್ನು ತೋರಿಸಿ ಒಪ್ಪಿಗೆ ಪಡೆಯುವ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿಡಬೇಕು, ‘ಯಾವಾಗಲೂ ಅನುಮತಿಸು’ ಎಂಬ ಗುಂಡಿಯಿಂದ ದೂರವಿರಬೇಕು. ಮ್ಯಾಕ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಹೀಗೆ ಹಿನ್ನೆಲೆಯಲ್ಲಿ ಓಡುವ ಟೂಲ್‌ಗೆಂದು ನಾವು ಕೊಡುವ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಸಾಮಾನ್ಯವಾಗಿ ದಾಖಲಾಗುವುದು ಅದನ್ನು ಚಾಲೂ ಮಾಡಿದ ತಂತ್ರಾಂಶದ ಹೆಸರಿನಲ್ಲಿ, ಅಂದರೆ ಟರ್ಮಿನಲ್ (ಆದೇಶ ಬರೆದು ಪ್ರೋಗ್ರಾಂ ಓಡಿಸುವ ತಂತ್ರಾಂಶ) ಅಥವಾ ಎಐ ಸಹಾಯಕನ ಹೆಸರಿನಲ್ಲಿ. ಹೀಗಾದಾಗ ಅದೇ ಟರ್ಮಿನಲ್‌ನಿಂದ ನಾಳೆ ಓಡಿಸುವ ಮತ್ತಾವುದೋ ಪ್ರೋಗ್ರಾಂಗೂ ಇಡೀ ಪರದೆ ಕಾಣಿಸುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಪಟ್ಟಿ ತೆರೆದರೆ ಯಾರ ಯಾರ ಹೆಸರಿದೆ ಎಂದು ಕಾಣುತ್ತದೆ, ಬಳಸದವರ ಮುಂದಿನ ಗುಂಡಿಯನ್ನು ಅಲ್ಲೇ ಆಫ್ ಮಾಡಬಹುದು.